ಸಾಲು ಬಿಟ್ಟುಕೊಟ್ಟ ಸಪ್ಲೈಯರ್

ಮುಂಬೈ ಕಡೆ ದುಡಿಯುವ ನಮ್ಮ ಕನ್ನಡದವರಿಗೆ ಕಾಯಿಲೆಯಾದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ನನಗೇ ಗಂಟುಬಿದ್ದ ಕೆಲಸ. ಯಾವ ಕಿಟಕಿಯಲ್ಲಿ ಏನು ಕೇಳಬೇಕೆಂದು ನನಗೆ ಗೊತ್ತು, ಅಷ್ಟೇ ಕಾರಣ. ಆ ದಿನ ಕರೆತಂದಿದ್ದು ಉಡುಪಿ ಕಡೆಯ ಒಬ್ಬ ಅಣ್ಣನನ್ನು. ನವಿ ಮುಂಬೈಯ ತುರ್ಭೆಯ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿಯೇ ತಲೆ ನರೆತವರು. ಸ್ವಲ್ಪ ನಡೆದರೂ ಅವರಿಗೆ ಏದುಸಿರು ಬರುತ್ತಿತ್ತು.

ಠಾಣೆ ಊರಿನ ದೊಡ್ಡಾಸ್ಪತ್ರೆಯ ಕ್ಯಾಜುವಲ್ಟಿಯವರು, ನಡೆದುಕೊಂಡು ಬಂದಿದ್ದಾರಲ್ಲ, ಒಪಿಡಿಗೆ ಹೋಗಿ ಎಂದು ಅಟ್ಟಿದರು. ಡಾಕ್ಟರರ ಬಾಗಿಲ ಮುಂದಿನ ಸಾಲಿನಲ್ಲಿ ಅಣ್ಣನನ್ನು ನಿಲ್ಲಿಸಿ, ಇಸಿಜಿ ಎಲ್ಲಿ ಎಂದು ವಿಚಾರಿಸಲು ಮೇಲೆ ಹೋದೆ. ಕೆಳಗೆ ಕೇಳಿ ಎಂದರು. ಕೆಳಗೆ ಬಂದರೆ ಅಣ್ಣ ಸಾಲಿನ ಕಟ್ಟಕಡೆಯಲ್ಲಿದ್ದರು.

“ಮಗು ಅಳ್ತಾ ಇತ್ತು ಅಕ್ಕ, ಮುಂದೆ ಬಿಟ್ಟೆ. ಆಮೇಲೆ ಒಬ್ಬರು ಅಜ್ಜಿ ಬಂದರು. ಇನ್ನೊಬ್ಬರಿಗೆ ಡ್ಯೂಟಿಗೆ ಲೇಟಾಗ್ತದಂತೆ.”

“ಇದು ನಿಮ್ಮ ಹೋಟೆಲಲ್ಲ ಅಣ್ಣ! ಇವರ್ಯಾರೂ ನಿಮ್ಮ ಗಿರಾಕಿಗಳಲ್ಲ!”

ಇಡೀ ಸಾಲು ತಿರುಗಿ ನನ್ನನ್ನೇ ನೋಡಿತು. ನೋಡಲಿ ಅಂದುಕೊಂಡೆ.

ನಮ್ಮ ಮುಂದೆ ಇನ್ನಿಬ್ಬರಷ್ಟೇ ಇದ್ದಾಗ ಬಾಗಿಲು ಮುಚ್ಚಿತು. ಒಪಿಡಿ ಮುಗಿಯಿತು, ನಾಳೆ ಬನ್ನಿ ಎಂದ ಬಾಗಿಲು ಕಾಯುವ ಸಿಪಾಯಿ. ನಾನು ದಬದಬನೆ ಬಾಗಿಲು ಬಡಿದೆ. ಈ ಮನುಷ್ಯನಿಗೆ ಉಸಿರಾಡಲು ಆಗುತ್ತಿಲ್ಲ, ನಿಮಗೆ ಕಣ್ಣು ಕಾಣುವುದಿಲ್ಲವೇ ಎಂದು ಮರಾಠಿಯಲ್ಲಿ ಕೂಗಾಡಿದೆ.

ಅಣ್ಣ ಗೋಡೆಗೆ ಒರಗಿ ನಿಂತಿದ್ದರು. ಉಸಿರು ಎಳೆದುಕೊಳ್ಳುತ್ತಲೇ ನನಗೆ ಸಮಾಧಾನ ಹೇಳಿದರು.

“ಹೋಗ್ಲಿ ಬಿಡಿ ಅಕ್ಕ. ಅವರಿಗೂ ಊಟದ ಹೊತ್ತಲ್ವಾ.”