ಚಾರ್ಜಿಲ್ಲದ ಫೋನು

ಹಿರೀಸಾವೆಯಲ್ಲಿ ನಮ್ಮ ಪಕ್ಕದ ಮನೆಯ ಹೋಟೆಲಿನವನು ಯಾರು ಬಂದರೂ ಫೋನನ್ನು ತೊಡೆ ಕೆಳಗೆ ತಳ್ಳುತ್ತಿದ್ದ. ಕೇಳಿದರೆ, "ಚಾರ್ಜಿಲ್ಲ ಕಣವ್ವ" ಅನ್ನುತ್ತಿದ್ದ. ತಿಂಗಳು ತಿಂಗಳು ದುಡ್ಡು ಕಟ್ಟಿ ಅದರಲ್ಲಿ ಬೆತ್ತಲೆ ಹೆಂಗಸರನ್ನು ನೋಡುತ್ತಿದ್ದುದು ನನಗೊಬ್ಬಳಿಗೇ ಗೊತ್ತು. ಒಮ್ಮೆ ಬೆನ್ನ ಹಿಂದೆ ನಿಂತು ಕಂಡಿದ್ದೆ.

ಅವನ ಮಗಳನ್ನು ನೋಡಲು ಅರಕಲಗೂಡಿನವರು ಬಂದ ದಿನ ಗಂಡಿನ ತಾಯಿ ಕೈಚಾಚಿದಳು. "ಫೋನ್ ಕೊಡಣ್ಣ, ನಂದು ಸತ್ತೋಗದೆ."

"ಚಾರ್ಜಿಲ್ಲ ಕಣಕ್ಕ."

ಅಷ್ಟರಲ್ಲಿ ತೊಡೆ ಕೆಳಗೆ ಅದು ಟಿಣ್ ಎಂದಿತು.

"ಚಾರ್ಜಿಲ್ದಿದ್ರೂ ಕೂಗ್ತದಲ್ಲಣ್ಣ!"

ಅದರಲ್ಲಿದ್ದುದನ್ನು ಆಕೆ ಕಂಡರೆ ಸಂಬಂಧ ಅಲ್ಲಿಗೇ ಮುಗಿಯಿತು. ಕೊಡಲು ಎದ್ದವನು ಕೈಜಾರಿದಂತೆ ಫೋನನ್ನು ಕಾಲು ತೊಳೆಯುವ ನೀರಿನ ಬಕೆಟ್ಟಿಗೆ ಬಿಟ್ಟ. ಮಗಳು ಓಡಿಬಂದು ಎತ್ತಿಕೊಂಡಳು.

"ಅಕ್ಕೀಲಿ ಊತಿಟ್ರೆ ಸಂಜೆಗೆ ಸರಿಯಾಯ್ತದೆ ಕಣಪ್ಪ. ನಾನೇ ಆನ್ ಮಾಡ್ಕೊಡ್ತೀನಿ."

ಹುಡುಗಿ ಚುರುಕು ಎಂದು ಬಂದವರು ಮೆಚ್ಚಿದರು. ಒಳಗೆ ಅಕ್ಕಿ ಡಬ್ಬದ ಮುಚ್ಚಳ ತೆರೆದ ಸದ್ದಿಗೆ ಅವನು ಬಂದವರನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದ.