ಹಲ್ಲಕ್ಕನ ಮೇಲಿನ ದೂರು

ದಂತವೈದ್ಯರ ಕ್ಲಿನಿಕ್ಕಿನ ಹಿಂದುಗಡೆಯ ಸಣ್ಣ ಕೋಣೆಯಲ್ಲಿ ಕೂತು ಆಕೆ ಕಟ್ಟುಹಲ್ಲು ಮಾಡುತ್ತಿದ್ದಳು. ಮುಂದಿನ ಕೋಣೆಯಿಂದ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವಳು ಅದಕ್ಕೆ ಪ್ಲಾಸ್ಟರ್ ಹೊಯ್ದು, ದವಡೆ ಎಬ್ಬಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುವಳು. ಊರಿನ ಎಷ್ಟೋ ಮುದುಕರು ಆಕೆ ಮಾಡಿದ ಹಲ್ಲಿನಲ್ಲೇ ನಗುತ್ತಿದ್ದರು, ಸಿಟ್ಟಾದಾಗಲೂ ಅದೇ ಹಲ್ಲು ಕಡಿಯುತ್ತಿದ್ದರು. ಆದರೆ ಆಕೆಯ ಮುಖ ಕಂಡವರು ಕಡಿಮೆ. ಮುಖ ಕಂಡವರೆಲ್ಲ ಒಂದೇ ಕಡೆ ಸಿಗುತ್ತಿದ್ದರು: ಗ್ರಂಥಾಲಯದ ಮಹಡಿಯ ಮೇಲಿದ್ದ ಚೆಸ್ ಕ್ಲಬ್ಬಿನಲ್ಲಿ. ಅಲ್ಲಿ ಆಕೆಯನ್ನು ಹಲ್ಲಕ್ಕ ಎಂದು ಕರೆಯುತ್ತಿದ್ದರು.

ಹರೆಯದಲ್ಲಿ ಶುರುವಾದ ಹುಚ್ಚು ಅದು. ಐವತ್ತು ದಾಟಿದರೂ ಬಿಟ್ಟಿರಲಿಲ್ಲ. ಭಾನುವಾರ ಬಂತೆಂದರೆ ಉಗುರಿನ ಸಂದಿಯ ಪ್ಲಾಸ್ಟರ್ ತೊಳೆದುಕೊಂಡು ಮಹಡಿ ಹತ್ತುವಳು. ಆಟ ಮಾತ್ರ ಅಷ್ಟಕ್ಕಷ್ಟೆ. ಸುಲಭಕ್ಕೆ ಸೋಲುವವಳಲ್ಲ, ಗೆಲ್ಲುವ ಹಟವೂ ಇಲ್ಲ. ಎದುರಿನವರು ಡ್ರಾ ಎಂದರೆ ಸಾಕು, ಕೈ ಚಾಚಿಬಿಡುವಳು. ಕ್ಲಬ್ಬಿನ ಹಿರಿಯ, ನಿವೃತ್ತ ಗಣಿತದ ಮೇಷ್ಟ್ರು, ಆಕೆಯನ್ನು ಸೋಲಿಸಿದಾಗಲೆಲ್ಲ ಒಂದೇ ಮಾತು ಆಡುತ್ತಿದ್ದರು: "ನಮ್ಮ ಹಲ್ಲಕ್ಕ ಹಲ್ಲು ಮಾಡ್ತಾಳೆ ಅಷ್ಟೇ ಕಣಪ್ಪಾ, ಕಚ್ಚೋದಿಲ್ಲ." ಎಲ್ಲರೂ ನಗುವರು. ಆಕೆಯೂ ನಗುವಳು. ಮೇಷ್ಟ್ರ ಮೇಲೆ ಆಕೆಗೆ ಗೌರವವಿತ್ತು; ಕುದುರೆ ಎಲ್ಲಿಗೆ ಹಾರುತ್ತದೆ ಅನ್ನುವುದರಿಂದ ಹಿಡಿದು ಆಕೆಗೆ ಆಟ ಹೇಳಿಕೊಟ್ಟವರೇ ಅವರು.

ಆಮೇಲೆ ಒಂದಷ್ಟು ಕಾಲ ಹಲ್ಲಕ್ಕ ಕ್ಲಬ್ಬಿಗೆ ಬರಲಿಲ್ಲ. ಕೇಳಿದವರಿಗೆ ಡಾಕ್ಟರು "ಮನೆ ಕೆಲಸ ಅಂತ ರಜೆ ಹಾಕಿದ್ದಾರೆ" ಎಂದರು. ಅವರಿಗೂ ಗೊತ್ತಿದ್ದದ್ದು ಅಷ್ಟೇ. ನಿಜ ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ, ಒಟ್ಟಿಗಿದ್ದ ತಂಗಿಗೆ. ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತ್ತು.

ತಂಗಿ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಗಾಜಿನ ಆಚೆಗೆ ಕೇಳಲಿ ಎಂದು ಕೂಗಿ ಕೂಗಿ ಮನೆಯಲ್ಲೂ ಕೂಗಿಯೇ ಮಾತಾಡುವ ಅಭ್ಯಾಸ. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆ ಸೇರಿದ್ದಳು. "ನಿನ್ನ ಬಾಯಿಗೆ ಬೀಗ ಹಾಕು. ಒಬ್ಬರಿಗೂ ಗೊತ್ತಾಗಬಾರದು," ಎಂದು ಹಲ್ಲಕ್ಕ ಮೊದಲ ದಿನವೇ ಆಣೆ ಮಾಡಿಸಿಕೊಂಡಳು.

"ಕಾಯಿಲೆ ಬಂದರೆ ಹೇಳೋಕೇನು ನಾಚಿಕೆ?"

"ನಾಚಿಕೆ ಅಲ್ಲ ಕಣೇ. ಎಲ್ಲಾ ಒಂಥರಾ ನೋಡ್ತಾರೆ. ನಾನು ಸಾಯೋ ಮುಂಚೆನೇ ಅವರ ಮುಖದಲ್ಲಿ ಸತ್ತಿರ್ತೀನಿ."

ಕಿರಣ ಕೊಟ್ಟರು, ಔಷಧಿ ಏರಿಸಿದರು. ಗೆಡ್ಡೆ ಕರಗಿತು. ಆದರೆ ಅದನ್ನು ಸುಟ್ಟ ಕಿರಣ ಪಕ್ಕದ ಮೂತ್ರಕೋಶವನ್ನೂ ಸುಮ್ಮನೆ ಬಿಡಲಿಲ್ಲ. ಆಮೇಲೆ ಆಕೆಗೆ ಹೆಚ್ಚು ಹೊತ್ತು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಹೊರಗೆ ಹೋಗುವಾಗ ಬಟ್ಟೆಯೊಳಗೆ ದಪ್ಪನೆಯ ಪ್ಯಾಡ್ ಇಟ್ಟುಕೊಳ್ಳಬೇಕಿತ್ತು. ಹೋದ ಕಡೆಯೆಲ್ಲ ಮೊದಲು ಕಣ್ಣು ಹುಡುಕುತ್ತಿದ್ದದ್ದು ಶೌಚಾಲಯದ ಬಾಗಿಲು.

ಆ ತಿಂಗಳುಗಳಲ್ಲಿ ಹಾಸಿಗೆಯ ಮೇಲೆ ಆಕೆ ಮಾಡಿದ್ದು ಒಂದೇ ಕೆಲಸ. ದಿಂಬಿನ ಮೇಲೆ ಚೆಸ್ ಹಲಗೆ ಇಟ್ಟುಕೊಂಡು, ಕಾಯಿಗಳೆಲ್ಲ ಕಡಿಮೆಯಾದ ಮೇಲಿನ ಕೊನೆಯಾಟವನ್ನು ಕಲಿಯುವುದು. ಒಂದು ಆನೆ, ಒಂದು ಕಾಲಾಳು, ಎದುರಿಗೊಂದು ಆನೆ. ವಾಂತಿ ಬಂದರೆ ಬದಿಗಿಟ್ಟು, ನಿಂತ ಮೇಲೆ ಮತ್ತೆ ಎತ್ತಿಕೊಳ್ಳುವಳು. ಹಿಂದೆಲ್ಲ ಹಾಳಾಗಿ ಹೋಗಲಿ ಎಂದು ಡ್ರಾ ಒಪ್ಪಿಕೊಳ್ಳುತ್ತಿದ್ದ ಜಾಗದಲ್ಲೇ ಗೆಲುವು ಅಡಗಿತ್ತೆಂದು ಆಗ ಕಂಡಿತು. ಇಷ್ಟು ವರ್ಷ ಎಷ್ಟೊಂದು ಬಿಟ್ಟುಕೊಟ್ಟೆನಲ್ಲ ಎಂದು ಹೊಟ್ಟೆ ಉರಿಯಿತು. ಆ ಉರಿಯೇ ಆಕೆಯನ್ನು ಎಬ್ಬಿಸಿ ಕೂರಿಸಿತು ಎಂದರೂ ತಪ್ಪಿಲ್ಲ.

ವಾಪಸು ಬಂದ ಹಲ್ಲಕ್ಕ ಬೇರೆಯೇ ಆಗಿದ್ದಳು. ತೆಳ್ಳಗಾಗಿದ್ದಳು, ಕೂದಲು ಗಿಡ್ಡ, ಮಾತು ಇನ್ನೂ ಕಡಿಮೆ. ಯಾರಾದರೂ ಡ್ರಾ ಎಂದರೆ ತಲೆ ಅಲ್ಲಾಡಿಸುವಳು. ಒಬ್ಬರಾದ ಮೇಲೊಬ್ಬರು ಸೋತರು. ಮೇಷ್ಟ್ರು ತಮಾಷೆ ನಿಲ್ಲಿಸಿ ಆಕೆಯ ಆಟವನ್ನು ನಿಂತು ನೋಡತೊಡಗಿದರು.

ಕಾಲವೂ ಕೆಟ್ಟದ್ದಾಗಿತ್ತು. ಅದೇ ವರ್ಷ ಬೇರೊಂದು ಪಂದ್ಯದಲ್ಲಿ ಒಬ್ಬ ಆಟಗಾರ ಶೌಚಾಲಯದ ನೀರಿನ ತೊಟ್ಟಿಯ ಹಿಂದೆ ಮೊಬೈಲ್ ಅಂಟಿಸಿಟ್ಟು, ಮತ್ತೆ ಮತ್ತೆ ಎದ್ದು ಹೋಗಿ ಕಂಪ್ಯೂಟರ್ ಹೇಳಿದ ನಡೆ ನೋಡಿಕೊಂಡು ಬಂದು ಆಡಿ ಸಿಕ್ಕಿಬಿದ್ದಿದ್ದ. ಆವತ್ತಿನಿಂದ ಯಾರು ಕುರ್ಚಿ ಬಿಟ್ಟು ಎದ್ದರೂ ಹತ್ತು ಕಣ್ಣು ಹಿಂದೆ ಹೋಗುತ್ತಿದ್ದವು.

ಊರಿನ ದೊಡ್ಡ ಪಂದ್ಯಾವಳಿ ಬಂತು. ಹಲ್ಲಕ್ಕ ಶುರುವಿನಿಂದ ಒಂದೂ ಸೋಲದೆ ಮುಂದಿನ ಮೇಜುಗಳಿಗೆ ಬಂದಳು. ಅಲ್ಲಿ ಎದುರಿಗೆ ಕೂತವರು ಮೇಷ್ಟ್ರು. ಆಟ ಅರ್ಧ ಮುಗಿಯುವಷ್ಟರಲ್ಲಿ ಆಕೆ ಮೂರು ಸಲ ಎದ್ದು ಹೋಗಿ ಬಂದಿದ್ದಳು. ಬಂದಾಗಲೆಲ್ಲ ಕೂತ ತಕ್ಷಣ ನಡೆ ಆಡುವಳು. ನಡೆಯನ್ನು ಹೋಗುವ ಮೊದಲೇ ಯೋಚಿಸಿ ಇಟ್ಟುಕೊಂಡಿರುತ್ತಿದ್ದಳು, ಅಷ್ಟೇ. ನಾಲ್ಕನೇ ಸಲ ಎದ್ದಾಗ ಮೇಷ್ಟ್ರು ಗಡಿಯಾರ ನಿಲ್ಲಿಸಿ ಕೈ ಎತ್ತಿದರು. ತೀರ್ಪುಗಾರ ಓಡಿಬಂದ.

"ಇವರನ್ನ ಒಂದು ಸಲ ನೋಡಿ," ಎಂದರು ಮೇಷ್ಟ್ರು. ಆಕೆಯ ಮುಖ ನೋಡಲಿಲ್ಲ. "ಯಾಕೆ ಅಂತ ನಿಮಗೇ ಗೊತ್ತಿರತ್ತೆ."

ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸೊಬ್ಬರು ತಪಾಸಣೆಗೆ ಇದ್ದರು. ಕುರ್ಚಿಗಳನ್ನು ಪೇರಿಸಿಟ್ಟಿದ್ದ ಪಕ್ಕದ ಕೋಣೆಗೆ ಹಲ್ಲಕ್ಕನನ್ನು ಕರೆದೊಯ್ದು ಲೋಹ ಪತ್ತೆ ಮಾಡುವ ಕೋಲನ್ನು ಮೈಮೇಲೆ ಆಡಿಸಿದರು. ಅದು ಸದ್ದು ಮಾಡಲಿಲ್ಲ. ಕೈಯಿಂದ ಸವರಿ ನೋಡುವಾಗ ಸೊಂಟದ ಕೆಳಗೆ ದಪ್ಪಗೆ ಏನೋ ತಗುಲಿತು.

"ಇದೇನಮ್ಮ?"

ಹಲ್ಲಕ್ಕ ತಾನೇ ಬಟ್ಟೆ ಸಡಿಲಿಸಿ ತೋರಿಸಿದಳು. ಪ್ಯಾಡ್ ಒದ್ದೆಯಾಗಿತ್ತು. ಆ ಹೆಂಗಸು ಕೋಲನ್ನು ಕೆಳಗಿಟ್ಟು, "ಕ್ಷಮಿಸಿ. ಮೊದಲು ಹೋಗಿ ಬನ್ನಿ, ನಾನು ಹೊರಗೆ ನಿಂತಿರ್ತೀನಿ," ಎಂದರು. ಆಮೇಲೆ ತೀರ್ಪುಗಾರನಿಗೆ ಅವರು ಹೇಳಿದ್ದು ಎರಡೇ ಮಾತು: "ಏನೂ ಇಲ್ಲ."

ಆಟ ಮುಂದುವರಿಯಿತು. ಸುತ್ತಲಿನ ಮೇಜಿನವರೆಲ್ಲ ತಮ್ಮ ಆಟ ಬಿಟ್ಟು ಇತ್ತಲೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಕೆಳಹೊಟ್ಟೆ ಹಿಂಡತೊಡಗಿತು. ಸತ್ತರೂ ಏಳಬಾರದು ಎಂದು ಕಾಲಿಗೆ ಕಾಲು ಬಿಗಿದು ಕೂತಳು. ಬೆನ್ನಲ್ಲಿ ಬೆವರಿಳಿಯಿತು. ಹಲಗೆಯ ಮೇಲಿನ ಚೌಕಗಳು ಒಂದರೊಳಗೊಂದು ಕಲಸಿಕೊಂಡವು. ದಿಂಬಿನ ಮೇಲೆ ನೂರು ಸಲ ಗೆದ್ದ ಆಟದಲ್ಲೇ ಆನೆಯನ್ನು ಒಯ್ದು ಎದುರಾಳಿಯ ಬಾಯಿಗೆ ಕೊಟ್ಟಳು. ಮೇಷ್ಟ್ರು ಗೆದ್ದರು.

"ನೋಡಿದಿರಾ?" ಎಂದರು ಅವರು ಹೊರಗೆ ಬಂದು, ಸುತ್ತ ನಿಂತವರಿಗೆ. "ತಪಾಸಣೆ ಆಗೋವರೆಗೆ ದೇವರ ಹಾಗೆ ಆಡ್ತಿದ್ದಳು. ಆಮೇಲೆ ಆಟ ಎಲ್ಲಿ ಹೋಯ್ತು?" ಅವರ ದನಿಯಲ್ಲಿ ಸಂತೋಷವಿರಲಿಲ್ಲ. ಅವರು ಅದನ್ನು ನಿಜವಾಗಿ ನಂಬಿದ್ದರು.

ಅವರು ಚೆಸ್ ಸಂಘಕ್ಕೆ ದೂರು ಕೊಟ್ಟರು. ಸಂಘದವರು ಆಕೆಯ ಆಟಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ತಾಳೆ ನೋಡಿದರು. ಕೊನೆಯಾಟಗಳಲ್ಲಿ ಆಕೆಯ ನಡೆಗೂ ಕಂಪ್ಯೂಟರಿನ ನಡೆಗೂ ತುಂಬ ಹೊಂದಾಣಿಕೆ ಇತ್ತು. ಇಷ್ಟು ವರ್ಷ ಹಾಗೆ ಆಡದವಳು ಈಗ ಹೇಗೆ ಆಡಿದಳು ಎಂಬ ಪ್ರಶ್ನೆ ಎದ್ದಿತು. ಮೋಸ ಸಾಬೀತಾಗಿಲ್ಲ, ಆದರೆ ವಿಚಾರಣೆ ಆಗುವ ತನಕ ಆಡಕೂಡದು ಎಂದರು. ಕ್ಲಬ್ಬಿಗೆ ಹೋದರೆ ಗುಸುಗುಸು ಮಾತು ತಟ್ಟನೆ ನಿಲ್ಲುತ್ತಿತ್ತು. ಹಲ್ಲಕ್ಕ ಹೋಗುವುದನ್ನು ಬಿಟ್ಟಳು.

ಆ ಹೊತ್ತಿಗೇ ಮೇಷ್ಟ್ರು ಉಳಿದಿದ್ದ ಹಲ್ಲುಗಳನ್ನು ಕೀಳಿಸಿಕೊಂಡು ಕಟ್ಟುಹಲ್ಲಿನ ಸೆಟ್ಟಿಗೆ ಹೇಳಿದರು. ಅವರ ಬಾಯಿಯ ಅಚ್ಚು ಹಲ್ಲಕ್ಕನ ಮೇಜಿಗೇ ಬಂತು. ಡಾಕ್ಟರಿಗೆ ದೂರಿನ ಸಂಗತಿ ತಿಳಿದಿತ್ತು. "ಬೇಡ ಅನ್ನಿಸಿದರೆ ಹೊರಗೆ ಮಾಡಿಸ್ತೀನಮ್ಮ," ಎಂದರು.

"ದವಡೆ ಏನು ಮಾಡಿತ್ತು ಡಾಕ್ಟ್ರೇ, ಇಟ್ಟು ಹೋಗಿ."

ತಂಗಿಗೆ ಕೇಳಿ ರೇಗಿತು. "ಒಂದು ಹಲ್ಲು ಒಂಚೂರು ಎತ್ತರ ಇಡು. ಜನ್ಮದಲ್ಲಿ ನೆಮ್ಮದಿಯಾಗಿ ಅಗಿಯಬಾರದು!" ಹಲ್ಲಕ್ಕನಿಗೆ ನಗು ಬಂತು. ಸೆಟ್ಟನ್ನು ಮಾತ್ರ ಎಲ್ಲರಿಗೆ ಮಾಡುವಂತೆಯೇ ಮಾಡಿ ಕಳಿಸಿದಳು.

ವಿಚಾರಣೆ ನಡೆದದ್ದು ಗ್ರಂಥಾಲಯದ ಕೆಳಗಿನ ಕೋಣೆಯಲ್ಲಿ. ಉದ್ದದ ಮೇಜು, ಆಚೆ ಸಂಘದ ನಾಲ್ವರು ಗಂಡಸರು, ಗೋಡೆಯ ಬದಿಗೆ ಮೇಷ್ಟ್ರು. ತಂಗಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

"ಆಟದ ಮಧ್ಯೆ ಅಷ್ಟು ಸಲ ಎದ್ದು ಹೋದದ್ದು ಯಾಕೆ?" ಕಾರ್ಯದರ್ಶಿ ಕೇಳಿದ.

"ಹೋಗಬೇಕಿತ್ತು, ಹೋದೆ."

"ಯಾಕೆ ಹೋಗಬೇಕಿತ್ತು?"

"ಶೌಚಾಲಯಕ್ಕೆ ಯಾಕೆ ಹೋಗ್ತಾರೆ ಅಂತ ಹೇಳಿಕೊಡಬೇಕಾ?"

ಕಾರ್ಯದರ್ಶಿ ಪೆನ್ನು ಕೆಳಗಿಟ್ಟ. "ನೋಡಿಮ್ಮ, ನೀವು ಹೀಗೆ ಮಾತಾಡಿದರೆ ನಮಗೆ ಬೇರೆ ದಾರಿ ಇಲ್ಲ. ನಿಷೇಧ ಹಾಕಬೇಕಾಗತ್ತೆ. ಮೋಸಗಾರ್ತಿ ಅಂತ ಎಲ್ಲಾ ಕಡೆ ಹೆಸರು ಹೋಗತ್ತೆ."

ಆಗ ಬಾಗಿಲು ದಡಕ್ಕನೆ ತೆರೆಯಿತು. ತಂಗಿ ಒಳಗೆ ನುಗ್ಗಿ ಬಂದಿದ್ದಳು.

"ನಮ್ಮಕ್ಕನಿಗೆ ಕ್ಯಾನ್ಸರ್ ಆಗಿತ್ತು ಕಣ್ರೀ!" ಬಸ್ ನಿಲ್ದಾಣದ ದನಿಯಲ್ಲೇ ಕೂಗಿದಳು. "ಒಳಗೆಲ್ಲ ಸುಟ್ಟುಹೋಗಿದೆ. ತಡಕೊಳ್ಳೋಕೆ ಆಗಲ್ಲ ಅವಳಿಗೆ. ಹಾಸಿಗೆ ಮೇಲೆ ಬಿದ್ದುಕೊಂಡು ವಾಂತಿ ಮಾಡ್ತಾ ಮಾಡ್ತಾ ಆ ನಿಮ್ಮ ಹಾಳು ಆಟ ಕಲಿತಳು! ಇನ್ನೂ ಏನು ಬೇಕು ನಿಮಗೆ? ಬಟ್ಟೆ ಬಿಚ್ಚಿ ತೋರಿಸಬೇಕಾ?"

"ಸಾಕು ಸುಮ್ಮನಿರೇ," ಎಂದಳು ಹಲ್ಲಕ್ಕ. ಆಕೆ ಹೆದರಿದ್ದ ನೋಟ ಆ ಮುಖಗಳ ಮೇಲೆ ಒಂದೊಂದಾಗಿ ಮೂಡುತ್ತಿತ್ತು.

ಆಸ್ಪತ್ರೆಯ ಕಾಗದ ತೋರಿಸಿದ ಮೇಲೆ ದೂರನ್ನು ಕೈಬಿಟ್ಟರು. ಮೇಷ್ಟ್ರು ಹೊರಬಾಗಿಲ ಮೆಟ್ಟಿಲ ಹತ್ತಿರ ಕಾದಿದ್ದರು. ಹೊಸ ಹಲ್ಲಿಗೆ ನಾಲಗೆ ಇನ್ನೂ ಹೊಂದಿರಲಿಲ್ಲ, ಮಾತು ತೊದಲಿತು. "ಒಂದು ಮಾತು ಹೇಳಬಹುದಿತ್ತಲ್ಲಮ್ಮ."

"ಮೋಸ ಮಾಡಿದೀಯಾ ಅಂತ ಕೇಳಿದಿರಿ ಮೇಷ್ಟ್ರೇ. ಯಾಕೆ ಇಷ್ಟು ಸೊರಗಿದೀಯ ಅಂತ ಒಂದು ದಿನ ಕೇಳಲಿಲ್ಲ."

ಆಕೆ ಇಳಿದು ಹೋದಳು. ದಾರಿಯುದ್ದಕ್ಕೂ ತಂಗಿಯ ಜೊತೆ ಮಾತಾಡಲಿಲ್ಲ, ಆಮೇಲೂ ಬಹಳ ದಿನ ಆಡಲಿಲ್ಲ. ಮೇಷ್ಟ್ರು ಮಾಡಿದ್ದಕ್ಕಿಂತ ತಂಗಿ ಆಣೆ ಮುರಿದದ್ದು ಹೆಚ್ಚು ನೋಯಿಸಿತ್ತು. ತಂಗಿ ತಟ್ಟೆ ತಂದಿಟ್ಟು ಆಚೆ ಹೋಗುವಳು, ಅಕ್ಕ ಉಂಡು ತೊಳೆದಿಡುವಳು.

ಮುಂದಿನ ಪಂದ್ಯಕ್ಕೆ ಹೋದಾಗ ಶೌಚಾಲಯದ ಬಾಗಿಲಿಗೆ ಹತ್ತಿರದ ಮೇಜನ್ನು ಆಕೆಗೆಂದೇ ತೆಗೆದಿಟ್ಟಿದ್ದರು. ಎಲ್ಲರೂ ಮೆಲ್ಲಗೆ, ಮೆತ್ತಗೆ ಮಾತಾಡಿಸಿದರು. ಮೊದಲ ಎದುರಾಳಿ ಒಳ್ಳೆಯ ಸ್ಥಿತಿಯಲ್ಲಿದ್ದೂ ಡ್ರಾ ಕೇಳಿದ. ಎರಡನೆಯವನು, ಅಂಚೆ ಕಚೇರಿಯ ಗುಮಾಸ್ತ, ಕಣ್ಣಿಗೆ ಕಾಣುವಂತಿದ್ದ ನಡೆ ಬಿಟ್ಟು ಮಂತ್ರಿಯನ್ನು ಕಳೆದುಕೊಂಡ. ಆಕೆ ಗಡಿಯಾರ ನಿಲ್ಲಿಸಿ ತೀರ್ಪುಗಾರನನ್ನು ಕರೆದಳು.

"ಇವರು ಬೇಕಂತಲೇ ಸೋಲ್ತಿದಾರೆ."

ಗುಮಾಸ್ತನ ಮುಖ ಕೆಂಪಾಯಿತು. "ಇಲ್ಲಕ್ಕ, ದೇವರಾಣೆ ಕಾಣಲಿಲ್ಲ ನನಗೆ."

"ಬೇಕಂತ ಸೋತರು ಅನ್ನೋ ದೂರನ್ನ ನಾನು ಹೇಗಮ್ಮ ವಿಚಾರಿಸಲಿ?" ಎಂದ ತೀರ್ಪುಗಾರ. ಗುಮಾಸ್ತ ಸುಳ್ಳು ಹೇಳುತ್ತಿದ್ದನೋ, ನಿಜವಾಗಿಯೂ ಕಂಡಿರಲಿಲ್ಲವೋ ಆಕೆಗೆ ತಿಳಿಯುವ ದಾರಿಯೇ ಇರಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡಳು. ತಾನು ಅವನಿಗೆ ಮಾಡಿದ್ದೇನು ಎಂದು ಆಗ ಹೊಳೆಯಿತು. ಕೈ ಮುಗಿದು ತಪ್ಪಾಯಿತೆಂದಳು, ಆಟ ಅಲ್ಲಿಗೇ ಬಿಟ್ಟು ಮನೆಗೆ ಬಂದಳು. ಆಮೇಲೆ ಯಾವ ಪಂದ್ಯಕ್ಕೂ ಹೋಗಲಿಲ್ಲ.

ಮರುವರ್ಷ ಕಾಯಿಲೆ ಬೆನ್ನುಮೂಳೆಯಲ್ಲಿ ಮರಳಿತು. ಈ ಸಲ ವೈದ್ಯರು ಏನೂ ಆಶೆ ಹೇಳಲಿಲ್ಲ. ಮಲಗಿದಲ್ಲೇ ದಿನ ಕಳೆಯುತ್ತಿದ್ದ ಅಕ್ಕನ ಹತ್ತಿರ ತಂಗಿ ಒಂದು ಬೆಳಗ್ಗೆ ಹಲಗೆ ತಂದಿಟ್ಟಳು. "ನನಗೂ ಹೇಳಿಕೊಡು. ನಿನ್ನ ಮೋರೆ ನೋಡ್ಕೊಂಡು ಎಷ್ಟು ದಿನ ಕೂತಿರಲಿ?" ಎಂದಳು. ಹಲ್ಲಕ್ಕ ಹೇಳಿಕೊಟ್ಟಳು. ತಂಗಿ ಕುದುರೆಯನ್ನು ಒಂಟೆಯಂತೆ ಓಡಿಸುವಳು, ರಾಜನನ್ನು ಬಯಲಿಗೆ ತಂದು ನಿಲ್ಲಿಸುವಳು, ಸೋತರೆ ಇಡೀ ಬೀದಿಗೆ ಕೇಳುವಂತೆ ಬೈಯುವಳು.

ಒಂದು ದಿನ ಅವಳು ಆಡಿದ ನಡೆ ಕಂಡು ಹಲ್ಲಕ್ಕನ ಹುಬ್ಬು ಗಂಟಾಯಿತು. "ನನ್ನ ಮೇಲೆ ಕರುಣೆ ತೋರಿಸಬೇಡ ಕಣೇ. ಸರಿಯಾಗಿ ಆಡು."

"ಕರುಣೆನಾ? ನನಗೆ ಬರೋದೇ ಇಷ್ಟು ಕಣೇ! ಬೆಳಗಿಂದ ತಲೆ ಕೆರಕೊಂಡು ಆಡಿದ ನಡೆ ಇದು!"

ತಂಗಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಹಲ್ಲಕ್ಕ ಅವಳ ಮುಖವನ್ನೇ ನೋಡಿದಳು, ನೋಡಿ ನೋಡಿ ನಕ್ಕಳು. ನಕ್ಕದ್ದಕ್ಕೆ ಬೆನ್ನು ಹಿಡಿದುಕೊಂಡು ನೋವಿಗೆ ಕಣ್ಣೀರು ಬಂತು. ತಂಗಿ ಹೆದರಿ ಮಾತ್ರೆ ಹುಡುಕಿದಳು. ನೋವು ಇಳಿದ ಮೇಲೆ ಹಲ್ಲಕ್ಕ ಅವಳ ಮಂತ್ರಿಯನ್ನು ಎತ್ತಿಕೊಂಡು, "ಇದು ಹೋಯ್ತು, ಮುಂದೆ ಆಡು," ಎಂದಳು.

ಮಾತ್ರೆಗೆ ನೋವು ಬಗ್ಗದ ದಿನ ಬರುವ ತನಕ ಇಬ್ಬರೂ ಆಡಿದರು. ಅಷ್ಟು ಆಟಗಳಲ್ಲಿ ತಂಗಿ ಒಂದನ್ನೂ ಗೆಲ್ಲಲಿಲ್ಲ.