ಬೆನ್ನಿನ ನೀರು

ಮಟಕಿ ಊರಿನ ಜಗದೇವಪ್ಪ ಇಪ್ಪತ್ತೆರಡು ಹಂಗಾಮು ಭೂಸನೂರಿನ ಕಾರ್ಖಾನೆಯಲ್ಲಿ ಸಕ್ಕರೆ ಪಾಕ ನೋಡಿದವನು. ಹನಿ ಪಾಕವನ್ನು ಎರಡು ಬೆರಳ ನಡುವೆ ಎಳೆದು, ಕಾಳು ಕಟ್ಟಿತೋ ಇಲ್ಲವೋ ಹೇಳಿಬಿಡುತ್ತಿದ್ದ. ಈ ಸಲ ದೀಪಾವಳಿ ಕಳೆದದ್ದೇ ತಲೆನೋವು ಹತ್ತಿತು. ಹದಿನೈದು ದಿನಕ್ಕೆ ತನ್ನ ಪಾಳಿ ಮರೆತ. ಇಪ್ಪತ್ತನೆಯ ದಿನ ಕುದಿಯುವ ಪಾಕದ ಮುಂದೆ ಏನು ಮಾಡಬೇಕೆಂದು ತಿಳಿಯದೆ ನಿಂತವನನ್ನು ಜೊತೆಗಾರ ಚಾಂದಪಾಶಾ ಮನೆಗೆ ತಂದು ಬಿಟ್ಟ.

ಐವತ್ತೊಂದಕ್ಕೇ ಅರಳು ಮರಳೇ? ಹೆಂಡತಿ ಶಾರದಾಬಾಯಿಗೆ ನಂಬಿಕೆಯಾಗಲಿಲ್ಲ. ಗಂಡನ ಅಣ್ಣ ಧರ್ಮಣ್ಣ ಇದು ಭಾನಾಮತಿಯ ಮಾಟವೆಂದು ನಿಂಬೆಹಣ್ಣು ಕೊಯ್ಯಿಸಿದ. ಗಂಡ ಅಂಗಿಯ ತೋಳಿಗೆ ಕಾಲು ತೂರಿಸುವುದನ್ನು ಕಂಡ ದಿನ ಅವಳು ಅವನನ್ನು ಕಲಬುರಗಿಯ ದವಾಖಾನೆಗೆ ಕರೆದೊಯ್ದಳು.

ವಯಸ್ಸಿನ ಮರೆವು ಇಷ್ಟು ಬೇಗ ಏರುವುದಿಲ್ಲ, ಮಿದುಳಿಗೆ ಸೋಂಕು ತಗಲಿರಬಹುದು, ಬೆನ್ನಿನಿಂದ ನೀರು ತೆಗೆದು ನೋಡಬೇಕು ಎಂದರು ಡಾಕ್ಟರ್ ಜಸ್ಮೀನ.

"ಬ್ಯಾಡವ್ವ," ಎಂದ ಜೊತೆಗೆ ಬಂದಿದ್ದ ಧರ್ಮಣ್ಣ. "ಬೆನ್ನಾಗಿನ ನೀರು ತೆಗದ್ರ ಸೊಂಟಾನ ಬಿದ್ದು ಹೋಗ್ತದ."

ಶಾರದಾಬಾಯಿ ಹೆದರಿದಳು. ಡಾಕ್ಟರು ಎಷ್ಟು ತಿಳಿಹೇಳಿದರೂ ಕೇಳದೆ, ಪರೀಕ್ಷೆ ಬೇಡವೆಂದು ಸಹಿ ಹಾಕಿ ಗಂಡನನ್ನು ಊರಿಗೆ ಕರೆತಂದಳು.

ಒಂಬತ್ತು ದಿನ ಕಳೆಯಿತು. ಹತ್ತನೆಯ ಬೆಳಿಗ್ಗೆ ಉಣಿಸಲು ಕೂತಾಗ ಅವನು ಕೈ ಹಿಂದೆ ಸರಿಸಿ, "ಯಾರ್ರಿ ನೀವು? ನಮ್ಮ ಶಾರದಾ ಎಲ್ಲಿ?" ಎಂದ. ಅವಳು ಭಾವನನ್ನು ಕೇಳಲಿಲ್ಲ. ಚಾಂದಪಾಶಾನಿಗೆ ಫೋನು ಹಚ್ಚಿ ಜೀಪು ತರಿಸಿದಳು.

ದವಾಖಾನೆಯಲ್ಲಿ ತೆಗೆದ ಬೆನ್ನಿನ ನೀರಿನಲ್ಲಿ ರೋಗ ಸಿಕ್ಕಿತು. ಹಳಸಿದ ರೊಟ್ಟಿಗೆ ಹತ್ತುವ ಬೂಷ್ಟಿನಂಥದೇ ಒಂದು ಜಾತಿ ಮಿದುಳಿನ ಪೊರೆಗೆ ಹತ್ತಿತ್ತು. ಸಾವಿರಾರು ಜನರಲ್ಲಿ ಒಬ್ಬರಿಗೆ ಬರುವುದೂ ಅಪರೂಪ, ಆದರೆ ಔಷಧವುಂಟು ಎಂದರು ಡಾಕ್ಟರು. ವಾರಗಟ್ಟಲೆ ಸಲೈನು ಇಳಿಯಿತು, ತಲೆಯೊಳಗಿನ ಒತ್ತಡ ಇಳಿಸಲು ಮತ್ತೆ ಮತ್ತೆ ಬೆನ್ನಿನ ನೀರು ತೆಗೆದರು. ಸೊಂಟ ಬೀಳಲಿಲ್ಲ. ಹೆಸರುಗಳು ಒಂದೊಂದಾಗಿ ಮರಳಿದವು. ಆದರೆ ಅಷ್ಟರಲ್ಲೇ ಆ ಒತ್ತಡಕ್ಕೆ ಕಣ್ಣು ಹೋಗಿತ್ತು.

"ಮೊದಲ ಸಲಾನ ತೆಗಸಿದ್ರ ಕಣ್ಣು ಉಳೀತಿದ್ವೇನ್ರಿ?" ಎಂದು ಕೇಳಿದಳು ಶಾರದಾಬಾಯಿ.

ಡಾಕ್ಟರು ಹೇಳಿದರು: "ಉಳೀಬಹುದಿತ್ತು. ಖಾತ್ರಿ ಹೇಳಾಕ ಬರಂಗಿಲ್ಲ."

ಊರಿಗೆ ಬಂದ ಮೇಲೆ ಜಗದೇವಪ್ಪ ಅದೇ ಪ್ರಶ್ನೆ ಕೇಳಿ, ಆಗ ಬೇಡವೆಂದವರು ಯಾರು ಎಂದ. ಅವಳು ತಪ್ಪನ್ನು ಭಾವನ ಮೇಲೆ ಹೊರಿಸಬಹುದಿತ್ತು.

"ಸಹಿ ನಾನೇ ಮಾಡೇನ್ರಿ," ಎಂದಳು.

ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಎರಡು ದಿನ ಗೋಡೆ ತಡವಿಕೊಂಡು ಒಬ್ಬನೇ ಬಚ್ಚಲಿಗೆ ಹೋದ. ಮೂರನೆಯ ದಿನ ಬಚ್ಚಲಿಗೆ ಹೋಗಬೇಕೆಂದು ಅವಳತ್ತ ಕೈ ಚಾಚಿದ.